ಹೆಪಟೈಟಿಸ್ ಇದ್ದವರು ಕಾಫಿ ಬಿಡಬೇಕಾ?

ನಮಸ್ಕಾರ. ಲಿವರಿಗೆ ತಗಲುವ ವೈರಸ್ ಕಾಯಿಲೆ ಹೆಪಟೈಟಿಸ್ ಸಿ ಇದೆ ಅಂತ ರಿಪೋರ್ಟ್ ಬಂದ ದಿನವೇ ಎಷ್ಟೋ ಮನೆಗಳಲ್ಲಿ ಕಾಫಿ ಬಂದ್. "ಪಿತ್ತ ಜಾಸ್ತಿ ಆಗುತ್ತೆ" ಅಂತಾರೆ. ನಿಜವಾಗಿಯೂ ಬಿಡಬೇಕಾ?

ಅಮೆರಿಕದ ಹಾಲ್ಟ್-ಸಿ ಅಧ್ಯಯನ ನೋಡಿ. ಲಿವರ್ ಆಗಲೇ ಸಾಕಷ್ಟು ಹಾಳಾಗಿದ್ದ, ಆಗಿನ ಚಿಕಿತ್ಸೆ ಫಲ ಕೊಡದ 766 ಹೆಪಟೈಟಿಸ್ ಸಿ ರೋಗಿಗಳ ಕಾಫಿ ಅಭ್ಯಾಸವನ್ನು ಅಲ್ಲಿ ಗಮನಿಸಿದರು. ಫಲಿತಾಂಶ 2009ರಲ್ಲಿ ಬಂತು. ದಿನಕ್ಕೆ 3 ಕಪ್ ಅಥವಾ ಅದಕ್ಕಿಂತ ಜಾಸ್ತಿ ಕುಡಿಯುವವರಲ್ಲಿ ಕಾಯಿಲೆ ಉಲ್ಬಣಿಸುವ ಅಪಾಯ, ಕುಡಿಯದವರಿಗೆ ಹೋಲಿಸಿದರೆ ಸುಮಾರು ಅರ್ಧ! ಟೀ ಕುಡಿಯುವವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ.

[ಪರದೆಯ ಮೇಲೆ: ಲಿವರ್ ಕೋಶಗಳ ಚಿತ್ರ]

ಯಾಕೆ ಹೀಗೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ಕಾಫಿ ಕುಡಿದರೆ ನಿದ್ದೆ ದೂರ ಹೋಗುತ್ತದೆ ಅಲ್ವಾ? ಮೆದುಳಿನಲ್ಲಿ ತೂಕಡಿಕೆ ತರುವ ಅಡೆನೊಸಿನ್ ಅನ್ನುವ ರಾಸಾಯನಿಕ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಬಸ್ಸಿನ ಸೀಟಿಗೆ ಮೊದಲೇ ಟವೆಲ್ ಹಾಕಿಟ್ಟ ಹಾಗೆ. ಅಡೆನೊಸಿನ್ ಬರುತ್ತದೆ, ಕೂರಲು ಸೀಟಿಲ್ಲ. ತೂಕಡಿಕೆ ಬರುವುದಿಲ್ಲ.

ಲಿವರಿನಲ್ಲೂ ಅಂಥದೇ ಸೀಟುಗಳಿವೆ, ಸ್ಟೆಲೇಟ್ ಅನ್ನುವ ಕೋಶಗಳ ಮೇಲೆ. ವೈರಸ್‌ನಿಂದ ಪೆಟ್ಟಾದಾಗ ಅಡೆನೊಸಿನ್ ಅಲ್ಲಿ ಕೂತು ಈ ಕೋಶಗಳನ್ನು ಎಬ್ಬಿಸುತ್ತದೆ. ಅವು ನಾರು ಹೆಣೆಯಲು ಶುರು ಮಾಡುತ್ತವೆ. ವರ್ಷಗಟ್ಟಲೆ ಹೆಣೆದರೆ ಲಿವರ್ ಗಟ್ಟಿಯಾಗುತ್ತದೆ, ಅದೇ ಸಿರೋಸಿಸ್. ಕೆಫೀನ್ ಇಲ್ಲೂ ಸೀಟು ಹಿಡಿದು ಆ ಕೆಲಸವನ್ನು ನಿಧಾನ ಮಾಡುತ್ತದೆ. ನಮ್ಮನ್ನು ಎಚ್ಚರ ಇಡುವ ಅದೇ ಕೆಫೀನ್ ಈ ಕೋಶಗಳನ್ನು ಮಲಗಿಸುತ್ತದೆ! ಇದನ್ನು ತೋರಿಸಿದ್ದು ಹೆಚ್ಚಾಗಿ ಪ್ರಯೋಗಾಲಯದ ಕೋಶಗಳಲ್ಲಿ, ಪ್ರಾಣಿಗಳಲ್ಲಿ. ಕೆಫೀನ್ ತೆಗೆದ ಕಾಫಿಯಲ್ಲೂ ಸ್ವಲ್ಪ ಲಾಭ ಕಂಡಿದೆ, ಹಾಗಾಗಿ ಕಾಫಿಯ ಬೇರೆ ಅಂಶಗಳಿಗೂ ಪಾಲಿರಬಹುದು.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾಫಿ ವೈರಸ್ಸನ್ನು ಕೊಲ್ಲುವುದಿಲ್ಲ. ಕಾಫಿ ನಂಬಿಕೊಂಡು ಮಾತ್ರೆ ಬಿಟ್ಟರೆ ಲಿವರ್ ಹೋಗುತ್ತದೆ. ಮೇಲಿನ ಲೆಕ್ಕವೂ ಕುಡಿಯುವವರನ್ನು, ಕುಡಿಯದವರನ್ನು ಹೋಲಿಸಿ ನೋಡಿದ್ದಷ್ಟೇ, ಕಾಫಿಯಿಂದಲೇ ಹೀಗಾಯಿತು ಅಂತ ಅದರಿಂದ ಸಾಬೀತಾಗುವುದಿಲ್ಲ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಬೇಗ. ನಮ್ಮ ಫಿಲ್ಟರ್ ಕಾಫಿ ಪುಡಿಯಲ್ಲಿ ಚಿಕೋರಿ ಜಾಸ್ತಿ ಇದ್ದರೆ ಕೆಫೀನ್ ಅಷ್ಟು ಕಡಿಮೆ, ಚಿಕೋರಿಯಲ್ಲಿ ಕೆಫೀನೇ ಇಲ್ಲ. ಸಕ್ಕರೆ ಸುರಿಯಬೇಡಿ, ಲಿವರಿಗೆ ಕೊಬ್ಬು ಸೇರುವುದು ಇನ್ನೊಂದು ತಲೆನೋವು. ಸಿರೋಸಿಸ್ ಆದವರಲ್ಲಿ ಕೆಫೀನ್ ದೇಹದಿಂದ ನಿಧಾನವಾಗಿ ಹೋಗುತ್ತದೆ, ಸಂಜೆ ಕುಡಿದರೆ ರಾತ್ರಿ ನಿದ್ದೆ ಬರದಿರಬಹುದು. ಎಷ್ಟು ಕಪ್ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಇನ್ನು ಬೈಟು ಕಾಫಿ ಹಂಚಿಕೊಂಡರೆ ಹೆಪಟೈಟಿಸ್ ಬಿ, ಸಿ ಅಂಟುವುದಿಲ್ಲ, ಅವರ ಲೋಟ ಬೇರೆ ಇಡಬೇಡಿ ದಯವಿಟ್ಟು.

ಹೆಪಟೈಟಿಸ್ ಸಿ ಹೆಚ್ಚಿನವರಲ್ಲಿ 12 ವಾರದ ಮಾತ್ರೆಯಲ್ಲಿ ಪೂರ್ತಿ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಎಲ್ಲಿ ಸಿಗುತ್ತದೆ ಅಂತ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.