ಅಭಿಮಾನಿ ಚಿತ್ರ, ಊರ ಚಂದಾ, ಕಾಪಿರೈಟ್ ನೋಟಿಸು

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಹಿಂದೆ ಸರಿದು ಕಾಫಿ ಕೊಯ್ಲು ಶುರುವಾಗುವ ಮೊದಲು ಕೊಡಗಿನಲ್ಲಿ ಒಂದಿಷ್ಟು ಬಿಡುವು ಸಿಗುತ್ತದೆ. ಕಿರುಚಿತ್ರ ಮಾಡುವ ಹುಡುಗರು ಕ್ಯಾಮೆರಾ ಬಾಡಿಗೆಗೆ ತರಲು ಅದೇ ಹದವಾದ ಕಾಲ. ಅವರಲ್ಲಿ ಕೆಲವರಿಗೆ ಸ್ವಂತ ಕಥೆಗಿಂತ ತಾವು ಮೆಚ್ಚಿದ ಸಿನಿಮಾದ ಕಥೆಯನ್ನೇ ಮುಂದುವರಿಸುವ ಆಸೆ. ಫ್ಯಾನ್ ಫಿಲಂ ಅನ್ನುತ್ತಾರಲ್ಲ, ಅದು. ಕೈಯಲ್ಲಿ ಕಾಸಿಲ್ಲ, ವಾಟ್ಸಾಪ್ ಗುಂಪಿನಲ್ಲಿ ಕ್ಯೂಆರ್ ಕೋಡ್ ಹಾಕಿ ಚಂದಾ ಎತ್ತುತ್ತಾರೆ. ತೊಡಕು ಶುರುವಾಗುವುದು ಅಲ್ಲಿಂದ.

ಮಡಿಕೇರಿಯ ಸುತ್ತಮುತ್ತ ಚಿತ್ರೀಕರಣವಾಗಿ 2006ರ ಡಿಸೆಂಬರ್‌ನಲ್ಲಿ ತೆರೆಕಂಡ ‘ಮುಂಗಾರು ಮಳೆ’ಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಆ ಪಾತ್ರಗಳು ಈಗ ಎಲ್ಲಿವೆ, ಏನಾದವು ಅಂತ ಇಪ್ಪತ್ತು ನಿಮಿಷದ ಚಿತ್ರ ಮಾಡಲು ಯಾರೋ ಹೊರಟರು ಎನ್ನಿ. ಮಂಜು, ಮಳೆ, ತೋಟ ಯಾರ ಸ್ವತ್ತೂ ಅಲ್ಲ. ಮದುವೆ ಗೊತ್ತಾದ ಹುಡುಗಿಯನ್ನು ಇನ್ನೊಬ್ಬ ಪ್ರೀತಿಸುವ ಎಳೆಯೂ ಯಾರೊಬ್ಬರದ್ದಲ್ಲ. ಎಳೆಗೆ ಕಾಪಿರೈಟ್ ಹಕ್ಕಿಲ್ಲ, ಅದನ್ನು ನೇಯ್ದ ರೀತಿಗೆ ಹಕ್ಕಿದೆ ಎಂಬ ತತ್ವವನ್ನು ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಗಟ್ಟಿಮಾಡಿತು. ಸಂಭಾಷಣೆ, ದೃಶ್ಯ ಹೆಣೆದ ಕ್ರಮ, ಹಾಡು, ಪೋಸ್ಟರು ಎಲ್ಲವೂ ನೇಯ್ಗೆಗೆ ಸೇರಿದ್ದು. ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಅಂದರೆ ಈ ಚಿತ್ರಕ್ಕೆ 2066ರ ಕೊನೆಯವರೆಗೆ.

ಹಳೇ ತುಣುಕು ಬಳಸದೆ ಎಲ್ಲವನ್ನೂ ಹೊಸದಾಗಿ ಚಿತ್ರೀಕರಿಸಿದರೆ? ಅದು ನಕಲಲ್ಲ ಎಂಬ ನಿಲುವು 2002ರಲ್ಲಿ ಬಾಂಬೆ ಹೈಕೋರ್ಟಿನದು. ನಕಲೆಂದರೆ ಬರೀ ಪ್ರತಿ ತೆಗೆಯುವುದಲ್ಲ ಎಂಬುದು 2019ರಲ್ಲಿ ದೆಹಲಿ ಹೈಕೋರ್ಟಿನ ನಿಲುವು. ನ್ಯಾಯಾಲಯಗಳೇ ಎರಡು ಮಾತಾಡುವ ಕಡೆ ಜನರ ದುಡ್ಡು ಹಾಕಿ ಧೈರ್ಯ ಪರೀಕ್ಷಿಸಬಾರದು.

ಕೆಲವು ನಂಬಿಕೆಗಳು ಎಲ್ಲ ಶೂಟಿಂಗ್ ತಂಡಗಳಲ್ಲೂ ಓಡಾಡುತ್ತವೆ. ಹದಿನೈದು ಸೆಕೆಂಡು ಹಾಡು ಬಳಸಿದರೆ ಏನೂ ಆಗದು ಅನ್ನುವುದು ಒಂದು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸೆಕೆಂಡಿನ ಲೆಕ್ಕವೇ ಇಲ್ಲ. ಅದರ 52ನೇ ಸೆಕ್ಷನ್ ಖಾಸಗಿ ಬಳಕೆ, ವಿಮರ್ಶೆ, ಸುದ್ದಿ ಹೀಗೆ ಪಟ್ಟಿ ಮಾಡಿ ವಿನಾಯಿತಿ ಕೊಡುತ್ತದೆ. ಅಭಿಮಾನ ಆ ಪಟ್ಟಿಯಲ್ಲಿಲ್ಲ. ಕೊನೆಯಲ್ಲಿ ‘ಕೃಪೆ’ ಅಂತ ಹೆಸರು ಹಾಕಿದರೆ ಸಾಕು ಅನ್ನುವುದು ಇನ್ನೊಂದು. ಕೃತಜ್ಞತೆ ಬೇರೆ, ಅನುಮತಿ ಬೇರೆ. ನಾವೇ ಹಾಡಿಕೊಂಡರೆ ತೊಂದರೆಯಿಲ್ಲ ಅನ್ನುವುದು ಮೂರನೆಯದು. ಹಾಡಿದ ದನಿ ನಿಮ್ಮದಾದರೂ ಸಾಹಿತ್ಯ, ಮಟ್ಟು ನಿಮ್ಮದಲ್ಲ. ಐದು ವರ್ಷ ಕಳೆದ ಮೇಲೆ ರಾಯಲ್ಟಿ ಕಟ್ಟಿ ಕವರ್ ಹಾಡು ಮಾಡಲು ಕಾಯ್ದೆಯಲ್ಲಿ ದಾರಿಯಿದೆ ನಿಜ, ಆದರೆ ಅದು ಧ್ವನಿಮುದ್ರಣಕ್ಕೆ ಮಾತ್ರ, ಚಿತ್ರಕ್ಕಲ್ಲ.

ಈಗ ಹಣದ ವಿಷಯ. ಈ ಬಗೆಯ ಜಗಳಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ‘ಆಕ್ಸನಾರ್’. ಬಾಹ್ಯಾಕಾಶದ ಕಥಾಸರಣಿ ‘ಸ್ಟಾರ್ ಟ್ರೆಕ್’ನ ಅಭಿಮಾನಿಗಳ ಈ ಚಿತ್ರಕ್ಕೆ ಜನರಿಂದ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. ಸ್ಟುಡಿಯೊ ಜಾಗವನ್ನೂ ಬಾಡಿಗೆಗೆ ಹಿಡಿದರು. 2015ರ ಡಿಸೆಂಬರ್ ಕೊನೆಯಲ್ಲಿ ಸರಣಿಯ ಹಕ್ಕುದಾರ ಕಂಪನಿಗಳಾದ ಪ್ಯಾರಾಮೌಂಟ್ ಮತ್ತು ಸಿಬಿಎಸ್ ದಾವೆ ಹೂಡಿದವು. ಇದು ಅನುಮತಿ ಬೇಡದ ನ್ಯಾಯಯುತ ಬಳಕೆ ಎಂಬ ವಾದವನ್ನು ನ್ಯಾಯಾಧೀಶರು 2017ರ ಜನವರಿ ಮೊದಲಲ್ಲಿ ಒಪ್ಪಲಿಲ್ಲ. ಅದೇ ತಿಂಗಳು ರಾಜಿಯಾಯಿತು. ಪೂರ್ಣ ಚಿತ್ರ ಕೈಬಿಟ್ಟು ತಲಾ 15 ನಿಮಿಷದ ಎರಡು ಭಾಗ, ಜಾಹೀರಾತಿಲ್ಲದೆ ಯೂಟ್ಯೂಬಿನಲ್ಲಿ. ನಡುವೆ, 2016ರ ಜೂನ್‌ನಲ್ಲಿ ಕಂಪನಿಗಳು ನಿಯಮ ಪ್ರಕಟಿಸಿದವು: ಒಂದೇ ಕಥೆಯಾದರೆ 15 ನಿಮಿಷ, ಎರಡು ಭಾಗವಾದರೆ ಒಟ್ಟು 30; ಚಂದಾ ಮಿತಿ 50,000 ಡಾಲರು; ಕಲಾವಿದರಿಗೆ, ತಂತ್ರಜ್ಞರಿಗೆ ಸಂಬಳ ಕೂಡದು.

ನಿಯಮ ಬಿಗಿಯಾಯಿತೆಂದು ಅಭಿಮಾನಿಗಳು ಸಿಟ್ಟಾದರು. ನನಗೆ ತಪ್ಪಾಗಿ ಕಾಣುವುದು ಬಿಗಿ ಅಲ್ಲ, ತಡ. ಅಲ್ಲಿ ದಶಕಗಳಿಂದ ಅಭಿಮಾನಿ ಚಿತ್ರಗಳು ಬರುತ್ತಿದ್ದವು, ಕಂಪನಿಗಳು ಬಹುಪಾಲು ಸುಮ್ಮನೆ ನೋಡುತ್ತಿದ್ದವು. ಬೇಲಿಯೇ ಹಾಕದೆ, ದನ ಹೊಲಕ್ಕಿಳಿದ ಮೇಲೆ ಹಿಡಿದು ದೊಡ್ಡಿಗೆ ಕಟ್ಟಿದ ಹಾಗೆ. ಸಂಬಳ, ಸ್ಟುಡಿಯೊ ಅಂತ ಹೊರಟವರೂ ಬರೀ ಅಭಿಮಾನಿಗಳಾಗಿ ಉಳಿದಿರಲಿಲ್ಲ ಅನ್ನುವುದನ್ನು ಒಪ್ಪಬೇಕು. ನಮ್ಮ ಚಿತ್ರರಂಗದ ನಿರ್ಮಾಪಕರೂ ಇಂಥ ಒಂದು ಪುಟ ಮೊದಲೇ ಬರೆದು ಹಾಕಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಇಲ್ಲಿನ ಕಾನೂನಿಗೂ ಒಂದು ಅಸಮತೋಲವಿದೆ. ಹಕ್ಕು ಮುರಿದವರಿಗೆ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಇದು ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದಾದ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಕೋರ್ಟು ಕಾರಣ ಬರೆದು ಶಿಕ್ಷೆ ತಗ್ಗಿಸಬಹುದು, ಆದರೆ ಅದು ವಿಚಾರಣೆಯೆಲ್ಲ ಮುಗಿದ ಮೇಲಿನ ಮಾತು. ಇಡೀ ಸಿನಿಮಾ ಕದ್ದು ಮಾರುವವನೂ, ಪ್ರೀತಿಯಿಂದ ಇಪ್ಪತ್ತು ನಿಮಿಷ ಕಟ್ಟಿದವನೂ ಒಂದೇ ಬಾಗಿಲಲ್ಲಿ ಒಳಗೆ ಹೋಗಬೇಕು. ಆಧಾರವಿಲ್ಲದೆ ಬೆದರಿಸುವ ನೋಟಿಸು ಬಂದರೆ 60ನೇ ಸೆಕ್ಷನ್ನಿನಡಿ ನೀವೇ ದಾವೆ ಹೂಡಬಹುದು ಅನ್ನುವುದನ್ನು ಮಾತ್ರ ಹೆಚ್ಚಿನವರು ಕೇಳಿಯೇ ಇರುವುದಿಲ್ಲ.

ಹಾಗಾದರೆ ಮಾಡುವ ಕ್ರಮ ಯಾವುದು? ಮೊದಲು ಪತ್ರ, ಆಮೇಲೆ ಚಂದಾ. ಚಿತ್ರಕಥೆಯನ್ನು ಕೈಯಿಂದ ಖರ್ಚು ಮಾಡಿ ಮುಗಿಸಿ, ಒಂದು ಪುಟದ ಸಾರಾಂಶದ ಜೊತೆ ನಿರ್ಮಾಪಕರಿಗೆ ಬರೆಯಿರಿ. ನಾಯಕನಟ ಶುಭ ಹಾರೈಸಿದ ವಿಡಿಯೊ ಅನುಮತಿಯಲ್ಲ, ನಿರ್ದೇಶಕರು ಫೋನಿನಲ್ಲಿ ಹೂಂ ಅಂದದ್ದೂ ಅಲ್ಲ. ಕಾನೂನಿನ ಕಣ್ಣಲ್ಲಿ ಚಿತ್ರದ ಕರ್ತೃ ನಿರ್ಮಾಪಕ. ಅವರು ಹಕ್ಕು ಮಾರಿದ್ದರೆ ಕೊಂಡವರನ್ನು ಹುಡುಕಬೇಕು. ಹಾಡಾದರೆ ಆಡಿಯೊ ಕಂಪನಿಗೆ ಬೇರೆ ಪತ್ರ. ಬರಹದಲ್ಲಿ ಅವಧಿ ಮತ್ತು ಪ್ರದೇಶ ಎರಡನ್ನೂ ಹೇಳಿಸಿ. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ತಿಳಿಯುತ್ತದೆ. ಯೂಟ್ಯೂಬು ದುಬೈಯಲ್ಲೂ ಓಡುತ್ತದೆ, ‘ಜಗತ್ತಿನಾದ್ಯಂತ’ ಅನ್ನುವ ಒಂದು ಪದ ಬಿಟ್ಟುಹೋದರೆ ಅಲ್ಲಿ ನೀವು ಅನುಮತಿ ಇಲ್ಲದವರು.

ಚಂದಾಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇರಲಿ. ಅನುಮತಿ ಸಿಗದಿದ್ದರೆ ಇಂತಿಷ್ಟು ದಿನದೊಳಗೆ ಹಣ ವಾಪಸ್ ಎಂದು ಮನವಿಯಲ್ಲೇ ಬರೆಯಿರಿ, ಪತ್ರ ಕೈಸೇರುವವರೆಗೆ ಒಂದು ರೂಪಾಯಿ ಮುಟ್ಟಬೇಡಿ. ಕೆಡುವುದು ಇಲ್ಲೇ: ಎರಡು ಲಕ್ಷ ಕೂಡಿಸಿ ಅರ್ಧವನ್ನು ಕ್ಯಾಮೆರಾ, ಊಟ, ಜೀಪು ಬಾಡಿಗೆಗೆ ಸುರಿದ ಮೇಲೆ ನೋಟಿಸು ಬರುತ್ತದೆ, ವಾಪಸ್ ಕೊಡಲು ಹಣವಿರುವುದಿಲ್ಲ. ಚಿತ್ರದ ಹೆಸರಿನ ಟೀ ಶರ್ಟು, ಮಗ್ಗು ಕೊಡುತ್ತೇವೆ ಎನ್ನಬೇಡಿ. ಅದು ವ್ಯಾಪಾರ, ಟ್ರೇಡ್‌ಮಾರ್ಕಿನ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಲಾಭದಲ್ಲಿ ಪಾಲು ಎಂಬ ಮಾತಂತೂ ಬೇಡವೇ ಬೇಡ, ಚಂದಾ ಹೂಡಿಕೆಯಾಗಿಬಿಡುತ್ತದೆ. 2013ರ ‘ಲೂಸಿಯಾ’ ಜನರ ಹಣದಿಂದಲೇ ಆದ ಕನ್ನಡ ಚಿತ್ರ, ನಿಜ. ಅದರ ಕಥೆ ಆ ಚಿತ್ರತಂಡದ್ದೇ ಆಗಿತ್ತು ಅನ್ನುವುದನ್ನು ಮರೆಯಬಾರದು.

ಯೂಟ್ಯೂಬಿಗೆ ಚಿತ್ರ ಏರಿಸಿದ ಮೇಲೆ ಬರುವ ಏಟಿನಲ್ಲಿ ಎರಡು ಬಗೆ. ಯಂತ್ರ ತಾನಾಗಿ ಹೊಂದಿಸಿ ಹಾಕುವ ಕಂಟೆಂಟ್ ಐಡಿ ಕ್ಲೈಮಿನಲ್ಲಿ ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ, ಚಾನೆಲ್ಲಿಗೆ ಅಪಾಯವಿಲ್ಲ. ತಕರಾರು ಸಲ್ಲಿಸಿದರೆ ಅವರು 30 ದಿನದಲ್ಲಿ ಉತ್ತರಿಸಬೇಕು, ಸುಮ್ಮನಿದ್ದರೆ ಕ್ಲೈಮು ಬಿದ್ದುಹೋಗುತ್ತದೆ. ಐದು ದಿನದೊಳಗೆ ಸಲ್ಲಿಸಿದರೆ ಮೊದಲ ದಿನದಿಂದಲೇ ಹಣ ತಡೆಹಿಡಿದಿರುತ್ತಾರೆ. ಹಕ್ಕುದಾರರು ದೂರು ಕೊಟ್ಟು ಚಿತ್ರವನ್ನೇ ತೆಗೆಸುವ ಸ್ಟ್ರೈಕು ಹಾಗಲ್ಲ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಸ್ಟ್ರೈಕು ತಪ್ಪೆಂದು ನೀವು ಎದುರು ನೋಟಿಸು ಕೊಟ್ಟರೆ ಎದುರಿನವರು ಹತ್ತು ಕೆಲಸದ ದಿನದಲ್ಲಿ ಕೋರ್ಟಿಗೆ ಹೋದ ದಾಖಲೆ ತೋರಿಸಬೇಕು. ಆದರೆ ಅದಕ್ಕೆ ನಿಮ್ಮ ಹೆಸರು, ವಿಳಾಸ ಕೊಟ್ಟು, ಕ್ಯಾಲಿಫೋರ್ನಿಯಾದ ನ್ಯಾಯಾಲಯದ ವ್ಯಾಪ್ತಿಗೂ ಒಪ್ಪಿ ಸಹಿ ಹಾಕಬೇಕು. ಕುಶಾಲನಗರದ ಹುಡುಗ ಅಷ್ಟು ಓದಿದ ಕೂಡಲೇ ಫೋನು ಕೆಳಗಿಡುತ್ತಾನೆ. ಕಾಗದದ ಮೇಲೆ ಹಕ್ಕಿದೆ, ಬಳಸುವ ಧೈರ್ಯ ಯಾರಿಗೆ?

ಅನುಮತಿಯ ಹಂಗೇ ಬೇಡವೆನ್ನುವವರಿಗೆ ಕೊಡಗಿನಲ್ಲೇ ಸರಕಿದೆ. ನಡಿಕೇರಿಯಂಡ ಚಿಣ್ಣಪ್ಪನವರ ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ 1924ರದು, ಅವರು ತೀರಿಕೊಂಡದ್ದು 1931ರಲ್ಲಿ. ಲೇಖಕರ ಕಾಲಾನಂತರ 60 ವರ್ಷವೆಂಬ ಲೆಕ್ಕದಲ್ಲಿ ಅದು ಎಂದೋ ಎಲ್ಲರದಾಗಿದೆ. ಈಚಿನ ಅನುವಾದಗಳು ಮಾತ್ರ ಆಗಿಲ್ಲ. 1944ರಲ್ಲಿ ತೀರಿಕೊಂಡ ಅಪ್ಪಚ್ಚ ಕವಿಯ ಕೊಡವ ನಾಟಕಗಳೂ ಮುಕ್ತವಾಗಿವೆ. ಕೊಡಗಿನ ಕೊನೆಯ ಅರಸನ ಚರಿತ್ರೆ ಯಾರ ಆಸ್ತಿಯೂ ಅಲ್ಲ, ಆದರೆ ಮಾಸ್ತಿಯವರು 1986ರಲ್ಲಿ ತೀರಿಕೊಂಡದ್ದರಿಂದ ಆ ಅರಸನ ಕುರಿತ ಅವರ ಕಾದಂಬರಿ ‘ಚಿಕವೀರ ರಾಜೇಂದ್ರ’ಕ್ಕೆ 2046ರ ಕೊನೆಯವರೆಗೆ ಹಕ್ಕಿದೆ. ಅರಸ ಬೇಕಾದರೆ ತೆಗೆದುಕೊಳ್ಳಿ, ಮಾಸ್ತಿಯವರ ಮಾತು ಬೇಡ.

ಹಿನ್ನೆಲೆಗೆ ವಾಲಗ ಹಾಕುವಾಗ ಒಂದು ಎಚ್ಚರ. ಹಳೇ ವಾಲಗದ ಧಾಟಿಗೆ ಒಡೆಯರಿಲ್ಲ, ಯಾರೋ ಅದನ್ನು ಮುದ್ರಿಸಿದ ಸಿ.ಡಿ.ಗೆ ಒಡೆಯರಿದ್ದಾರೆ. ನಿಮ್ಮ ಊರಿನವರನ್ನೇ ಕರೆಸಿ ನುಡಿಸಿದರೂ ಯಂತ್ರ ಆ ಸಿ.ಡಿ.ಗೆ ಹೋಲಿಸಿ ಕ್ಲೈಮು ಹಾಕೀತು. ಆಗ ತಕರಾರಿಗೆ ಬಲ ಕೊಡುವುದು ಕತ್ತರಿಸದ ಮೂಲ ರೆಕಾರ್ಡಿಂಗು, ನುಡಿಸುವಾಗ ತೆಗೆದ ವಿಡಿಯೊ, ಸಂಭಾವನೆ ಪಡೆದು ನುಡಿಸಿದವರು ಸಹಿ ಹಾಕಿದ ಒಪ್ಪಿಗೆ ಪತ್ರ. ಮೆಮೊರಿ ಕಾರ್ಡು ತುಂಬಿತೆಂದು ಶೂಟಿಂಗ್ ಮುಗಿದ ರಾತ್ರಿಯೇ ಮೂಲವನ್ನು ಅಳಿಸಿಬಿಡುವವರೇ ಹೆಚ್ಚು. ಇನ್ನೊಂದು ಕಾರ್ಡು ಕೊಳ್ಳಿ.

ನಮಸ್ಕಾರ.