ಬೇಲೆಕೇರಿ ಅದಿರಿನ ಕಾದಂಬರಿ ಯಾರು ಬರೀತಾರೆ?

ಕೇಳುಗರಿಗೆಲ್ಲ ನಮಸ್ಕಾರ. ರಾಜಕೀಯ, ಭ್ರಷ್ಟಾಚಾರದ ಮೇಲಿನ ವಿಡಂಬನೆ ಕಾದಂಬರಿ ಅಂದ್ಕೂಡ್ಲೇ ನಮ್ಮ ಕಣ್ಣ ಮುಂದೆ ಬರೋದು ಒಬ್ಬ ಮಂತ್ರಿ, ಬಿಳಿ ಕಾರು, ಸೂಟ್‌ಕೇಸ್ ತುಂಬ ದುಡ್ಡು, ಪಕ್ಕದಲ್ಲೊಬ್ಬ ಪಿಎ. ಓದ್ತೀವಿ, ನಗ್ತೀವಿ, ಮುಚ್ಚಿಡ್ತೀವಿ. ಕಳ್ಳ ಅವನು, ನಾವಲ್ಲ ಅನ್ನೋ ಸಮಾಧಾನ ಹಾಗೇ ಉಳಿದುಬಿಡುತ್ತೆ. ನನಗಂತೂ ಅದು ಸಾಲಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ನಡೆದದ್ದು ನೋಡಿ. ಬಳ್ಳಾರಿ, ಸಂಡೂರು ಕಡೆಯ ಕಬ್ಬಿಣದ ಅದಿರು ಲಾರಿ ಮೇಲೆ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿಗೆ ಬರ್ತಿತ್ತು, ಅಲ್ಲಿಂದ ಹಡಗಲ್ಲಿ ಹೊರದೇಶಕ್ಕೆ. 2010ರ ಮಾರ್ಚಲ್ಲಿ ಅರಣ್ಯ ಇಲಾಖೆಯವರು ಪರ್ಮಿಟ್ ಇಲ್ಲದ ಸುಮಾರು 5 ಲಕ್ಷ ಟನ್ ಅದಿರು ಜಪ್ತಿ ಮಾಡಿ ಬಂದರಲ್ಲೇ ಇಟ್ರು. ಕೆಲವೇ ತಿಂಗಳಲ್ಲಿ ಅದರ ಬಹುಪಾಲು ಹಡಗು ಹತ್ತಿ ಹೋಗಿಬಿಟ್ಟಿತ್ತು! ಜಪ್ತಿ ಮಾಡಿದ ಅಧಿಕಾರಿಯನ್ನೇ ಸಸ್ಪೆಂಡ್ ಮಾಡೋ ಮಾತು ಬಂತು, ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಬೇಸತ್ತು ರಾಜೀನಾಮೆ ಕೊಟ್ರು, ಆಮೇಲೆ ವಾಪಸ್ ತಗೊಂಡು 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ವರದಿ ಸಲ್ಲಿಸಿದ್ರು, ಅದೇ ತಿಂಗಳ ಕೊನೆಗೆ ಆಗಿನ ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಯ್ತು.

ಕುರ್ಚಿ ಕಥೆ ಪೇಪರಲ್ಲಿ ಬೇಕಾದಷ್ಟು ಬಂದಿದೆ. ನನಗೆ ಬೇಕಾಗಿರೋ ಕಾದಂಬರಿ ಚೆಕ್‌ಪೋಸ್ಟಲ್ಲಿ ಶುರುವಾಗ್ಬೇಕು. ರಾತ್ರಿ ಎರಡು ಗಂಟೆ, ಗೇಟಿನವನು ಟಾರ್ಚ್ ಹಿಡಿದು ಪರ್ಮಿಟ್ ನೋಡ್ತಾನೆ, ನಿನ್ನೆ ಬಂದ ಲಾರಿಯದ್ದೂ ಇದೇ ನಂಬರು, ಅವನಿಗೆ ಗೊತ್ತಾಗುತ್ತೆ, ಮಗಳ ಕಾಲೇಜ್ ಫೀಸು ನೆನಪಾಗುತ್ತೆ, ಚೀಟಿ ಮಡಚಿ ಕೊಟ್ಟು ಗೇಟು ಎತ್ತುತ್ತಾನೆ. ಘಟ್ಟದ ಮೇಲೆ, ಕೆಂಪು ಧೂಳಿಗೆ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗ್ಸೋಕಾಗ್ದೆ ಸಿಟ್ಟಾಗಿರೋ ಒಬ್ಬ ಹೆಂಗಸಿರ್ಬೇಕು, ಅವಳ ಗಂಡನೇ ಅದೇ ಲಾರಿ ಡ್ರೈವರುಗಳಿಗೆ ಊಟ ಹಾಕಿ ಸೊಸೈಟಿ ಸಾಲ ತೀರಿಸಿದವನಾಗಿರ್ಬೇಕು. ಅಲ್ಲಿ ನಗು ಬರುತ್ತೆ, ಗಂಟಲಲ್ಲೇ ಸಿಕ್ಕಿ ಹಾಕ್ಕೊಳುತ್ತೆ.

ಇದಕ್ಕೆ ಮಾದರಿ ಹುಡುಕ್ಕೊಂಡು ದೂರ ಹೋಗ್ಬೇಕಾಗಿಲ್ಲ. ಅಂಕೋಲಾ ಕಡೆ ಸುಗ್ಗಿ ಹೊತ್ತಿಗೆ ಹಗರಣ ಅನ್ನೋ ಅಣಕು ವೇಷ ಹೊರಡುತ್ತಲ್ಲ, ಸಾಹೇಬ್ರು, ಪುಢಾರಿ ಯಾರನ್ನೂ ಬಿಡಲ್ಲ, ನಡಿಗೆ, ಮಾತು ಎಲ್ಲಾ ಹಾಗ್‌ಹಾಗೇ. ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ರಾಜನ ಎದುರೇ ನಿಂತು ಕೇಳಬಾರದ್ದನ್ನ ಕೇಳ್ತಾನೆ, ರಾಜ ಗದರಿಸ್ತಾನೆ, ಸಭೆ ಮಾತ್ರ ಹಾಸ್ಯಗಾರನ ಕಡೆಗೇ ಇರುತ್ತೆ. ಅವರಿಗೆಲ್ಲ ಊರಿನ ಒಳಗಿನ ಸುದ್ದಿ ಗೊತ್ತು, ಅದಕ್ಕೇ ಏಟು ಸರಿಯಾಗಿ ಬೀಳುತ್ತೆ. ಬರೆಯೋರಿಗೂ ಅದು ಗೊತ್ತಿರ್ಬೇಕು: ಒಂದು ಲಾರಿಗೆ ಎಷ್ಟು ಟನ್ ತುಂಬ್ತಿದ್ರು, ವೇಬ್ರಿಡ್ಜಲ್ಲಿ ಎಷ್ಟು ಅಂತ ಬರೀತಿದ್ರು, ಬಂದರಿನ ಗೇಟಲ್ಲಿ ಸಹಿ ಯಾರದ್ದು. ಬರೀ ಬೈದ್ರೆ ಅದು ಚುನಾವಣೆ ಭಾಷಣ ಆಗುತ್ತೆ ಅಷ್ಟೇ.

ಕಾರವಾರ, ಅಂಕೋಲಾ, ಶಿರಸಿಯಲ್ಲಿ ಬರೆಯೋ ಹುಡುಗ ಹುಡುಗಿಯರು ಬೇಕಾದಷ್ಟು ಜನ ಇದ್ದೀರಿ. ಆ ಲಾರಿ ಓಡಿಸಿದವರು, ಬಂದರಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ವಯಸ್ಸಾಗ್ತಾ ಇದೆ. ಲೋಕಾಯುಕ್ತ ವರದಿ ಓದಿ, ಆಮೇಲೆ ಅವರ ಮನೆಗೆ ಹೋಗಿ ಕೂತು ಮಾತಾಡಿಸಿ, ಈ ಮಳೆಗಾಲದಲ್ಲೇ ಬರೆಯೋಕೆ ಶುರು ಮಾಡಿ. ನಮಸ್ಕಾರ.