ಮುಳ್ಳು ಏರುವ ಮೊದಲು ಯಾವ ದೀಪ ಬಂತು?

ಕೇಳುಗರೆಲ್ಲರಿಗೂ ನಮಸ್ಕಾರ. ಹಾಸನದ ಬಿ.ಎಂ. ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡು ಪಿಕಪ್, ಲಾರಿ ರಿಪೇರಿ ಮಾಡುವವನು ನಾನು. ಆಲೂಗಡ್ಡೆ, ಶುಂಠಿ, ಕಾಫಿ ಮೂಟೆ ಹೊತ್ತು ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿ ಇಳಿಯುವ ಡ್ರೈವರ್ ಅಣ್ಣಂದಿರು, ಮನೆಯಲ್ಲೇ ಒಂದು ಪಿಕಪ್ ಇಟ್ಟುಕೊಂಡಿರುವ ರೈತರು, ನಿಮ್ಮ ಹತ್ತಿರ ಇವತ್ತು ಒಂದೇ ವಿಷಯ ಮಾತಾಡಬೇಕು. ಚೆನ್ನಾಗಿ ಓಡ್ತಾ ಇದ್ದ ಗಾಡಿಯಲ್ಲಿ ಇದ್ದಕ್ಕಿದ್ದಂತೆ ಕೆಂಪು ದೀಪ ಹತ್ತಿಕೊಂಡು ಇಂಜಿನ್ ಕುದಿಯೋಕೆ ಶುರುವಾದರೆ ಏನು ನೋಡಬೇಕು?

ಎಲ್ಲರೂ ನೋಡುವುದು ಬಿಸಿಯ ಮುಳ್ಳನ್ನು. ಗ್ಯಾರೇಜಿಗೆ ಬಂದವರನ್ನು ನಾನು ಕೇಳುವುದು ಬೇರೆ. ಮುಳ್ಳು ಏರುವ ಮೊದಲು ಯಾವ ದೀಪ ಬಂತು? ಇದಕ್ಕೆ ಉತ್ತರ ಗೊತ್ತಿದ್ದರೆ ಅರ್ಧ ರಿಪೇರಿ ಮುಗಿದ ಹಾಗೆ.

ಈಗಿನ ಬಹಳಷ್ಟು ಇಂಜಿನ್‌ಗಳಿಗೆ ತಾವಾಗಿ ಎಳೆದುಕೊಳ್ಳುವ ಗಾಳಿ ಸಾಲುವುದಿಲ್ಲ. ಗಾಳಿಯನ್ನು ಒತ್ತಿ ತುಂಬಬೇಕು. ಹೊರದೇಶದ ದೊಡ್ಡ ಪೆಟ್ರೋಲ್ ಪಿಕಪ್‌ಗಳಲ್ಲಿ ಈ ಕೆಲಸಕ್ಕೆ ಸೂಪರ್‌ಚಾರ್ಜರ್ ಇರುವುದುಂಟು, ಅದನ್ನು ತಿರುಗಿಸುವುದು ಬೆಲ್ಟ್. ನಮ್ಮ ಡೀಸೆಲ್ ಗಾಡಿಗಳಲ್ಲಿ ಇರುವುದು ಟರ್ಬೊ. ಅದನ್ನು ತಿರುಗಿಸುವುದು ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ. ಕೆಲಸ ಎರಡರದ್ದೂ ಒಂದೇ. ಜಾಸ್ತಿ ಗಾಳಿ, ಜಾಸ್ತಿ ಇಂಧನ, ಜಾಸ್ತಿ ಶಕ್ತಿ. ಜೊತೆಗೆ ಬಿಸಿಯೂ ಜಾಸ್ತಿ. ಅದಕ್ಕೇ ಲೋಡು ಹೊತ್ತು ಘಾಟಿ ಹತ್ತುವಾಗ ತಂಪು ಮಾಡುವ ಕಡೆ ಏನಾದರೂ ಕೈಕೊಟ್ಟರೆ ನಿಮಗೆ ಸಿಗುವ ಸಮಯ ತೀರಾ ಕಡಿಮೆ. ಮುಂದಿನ ಊರಿನವರೆಗೆ ಓಡಿಸೋಣ ಅನ್ನೋ ಮಾತೇ ಬೇಡ.

ಒಂದು ಘಟನೆ ಹೇಳುತ್ತೇನೆ, ಕೇಳಿ. ಮಳೆಗಾಲ. ಮಂಗಳೂರಿನಿಂದ ಮೀನು ತುಂಬಿಕೊಂಡು ಒಂದು ಪಿಕಪ್ ಹಾಸನಕ್ಕೆ ಬರ್ತಾ ಇತ್ತು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಡ್ರೈವರ್ ನನಗೆ ಫೋನ್ ಮಾಡಿದರು. ಆ ಕಡೆ ಸಿಗ್ನಲ್ ಸಿಗುವುದೇ ಕಷ್ಟ, ಮಾತು ಕಟ್ ಆಗಿ ಆಗಿ ಬರ್ತಾ ಇತ್ತು. "ಅಣ್ಣಾ, ಗಾಡಿ ಕುದೀತಾ ಇದೆ. ಮೀನಿದೆ, ಐಸು ಕರಗಿಬಿಡುತ್ತೆ. ಹುಡುಗ ಕೆಂಪುಹೊಳೆಯಿಂದ ಒಂದು ಕ್ಯಾನ್ ನೀರು ತಂದಿದ್ದಾನೆ, ಹಾಕಿಬಿಡ್ಲಾ?"

"ಏನೂ ಹಾಕಬೇಡ ಮಾರಾಯ. ಮೊದಲು ಇಂಜಿನ್ ಆಫ್ ಮಾಡು. ರೇಡಿಯೇಟರ್ ಮುಚ್ಚಳ ಮುಟ್ಟಬೇಡ. ಈಗ ಹೇಳು, ಮೊದಲು ಯಾವ ದೀಪ ಬಂತು?"

"ಟೆಂಪರೇಚರ್‌ದೇ ಅಣ್ಣಾ."

ಪಕ್ಕದಲ್ಲಿದ್ದ ಕ್ಲೀನರ್ ಹುಡುಗ ಬಾಯಿ ಹಾಕಿದ. "ಇಲ್ಲಣ್ಣಾ, ಅದಕ್ಕೆ ಮುಂಚೆ ಬ್ಯಾಟರಿ ದೀಪ ಬಂತು. ನಾನು ಹೇಳಿದೆ, ಇವರು ಕೇಳಲಿಲ್ಲ."

ಅಷ್ಟು ಸಾಕಾಯಿತು ನನಗೆ. ಸ್ಟಿಯರಿಂಗ್ ಗಟ್ಟಿ ಆಗಿತ್ತಾ ಅಂತ ಕೇಳಿದೆ. ಹೌದು, ಕೊನೇ ತಿರುವಿನಲ್ಲಿ ಎರಡೂ ಕೈ ಹಾಕಿ ಎಳೆದೆ ಅಂದರು. ಬೆಲ್ಟ್ ಹೋಗಿದೆ ಅಂತ ಹಾಸನದಲ್ಲಿ ಕೂತೇ ಹೇಳಿದೆ. ಹೇಗೆ ಗೊತ್ತಾಯಿತು? ಆ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ನೀರು ತಿರುಗಿಸುವ ವಾಟರ್ ಪಂಪ್, ಪವರ್ ಸ್ಟಿಯರಿಂಗ್ ಪಂಪ್, ಮೂರನ್ನೂ ಓಡಿಸುವುದು ಒಂದೇ ಬೆಲ್ಟ್. ಅದು ಕಿತ್ತುಹೋದ ತಕ್ಷಣ ಚಾರ್ಜಿಂಗ್ ನಿಲ್ಲುತ್ತದೆ, ಬ್ಯಾಟರಿ ದೀಪ ಬರುತ್ತದೆ. ನೀರು ಅಲ್ಲಾಡದೆ ನಿಂತು ಕಾಯೋಕೆ ಸ್ವಲ್ಪ ಹೊತ್ತು ಬೇಕು. ಮುಳ್ಳು ಏರುವುದು ಆಮೇಲೆ.

ಹೊಸ ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಪುಲ್ಲಿ, ಇಂಜಿನ್ ತಂಪು ಮಾಡುವ ದ್ರವ ಕೂಲಂಟ್ ಒಂದು ಕ್ಯಾನ್ ತಗೊಂಡು ನಾನೇ ಹೊರಟೆ. ಹೋಗಿ ಬಾನೆಟ್ ಎತ್ತಿದರೆ ಬೆಲ್ಟಿನ ನೂಲು ಎಳೆ ಎಳೆಯಾಗಿ ಫ್ಯಾನಿನ ಹಿಂದೆ ಸುತ್ತಿಕೊಂಡಿತ್ತು. ಸುತ್ತಲೂ ರಬ್ಬರಿನ ಕಪ್ಪು ಪುಡಿ. ಟೆನ್ಷನರ್ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದೆ, ಕರಕರ ಅಂತು. ಹಿಡಿದು ಅಲ್ಲಾಡಿಸಿದರೆ ಆಟ ಆಡ್ತಾ ಇತ್ತು. ಬೇರಿಂಗ್ ಸತ್ತು ಎಷ್ಟೋ ದಿನ ಆಗಿತ್ತು. "ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕೀಚ್ ಅಂತ ಶಬ್ದ ಬರ್ತಾ ಇತ್ತಾ?" ಅಂದೆ. ಬರ್ತಾ ಇತ್ತಂತೆ. ಬೇರೆ ಕಡೆ ತೋರಿಸಿ ಬೆಲ್ಟ್ ಕೂಡ ಹೊಸದು ಹಾಕಿಸಿದ್ದರು. ಆದರೆ ಅಲ್ಲಿ ಬೆಲ್ಟ್ ಮಾತ್ರ ಬದಲಾಯಿಸಿ ಕಳಿಸಿದ್ದಾರೆ, ಪುಲ್ಲಿ ಮುಟ್ಟಿಲ್ಲ. ಇಂಥ ಕೆಲಸ ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಬೆಲ್ಟ್ ಯಾಕೆ ಸವೆಯಿತು ಅಂತ ನೋಡದೆ ಹೊಸ ಬೆಲ್ಟ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ, ಅಲ್ವಾ?

ಇಂಜಿನ್ ಪೂರ್ತಿ ತಣ್ಣಗಾಗುವ ತನಕ ಕಾದೆವು. ಮೀನಿನ ಡ್ರೈವರ್ ಗಡಿಯಾರ ನೋಡ್ತಾನೇ ಇದ್ದರು, ಆದರೂ ಕಾದೆವು. ಆಮೇಲೆ ಪುಲ್ಲಿ, ಬೆಲ್ಟ್ ಎರಡನ್ನೂ ಹಾಕಿ, ಚೆಲ್ಲಿದ್ದಷ್ಟು ಕೂಲಂಟ್ ತುಂಬಿ ಸ್ಟಾರ್ಟ್ ಮಾಡಿದರೆ ಮುಳ್ಳು ಮಧ್ಯಕ್ಕೆ ಬಂದು ನಿಂತಿತು. ಮೀನು ಹಾಸನ ಸೇರಿತು. ಆ ತಣ್ಣೀರನ್ನು ಕಾದ ಇಂಜಿನ್‌ಗೆ ಸುರಿದಿದ್ದರೆ ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಸೀಳಿಹೋಗುವ ಅಪಾಯ ಇತ್ತು. ಬೆಲ್ಟಿನ ಖರ್ಚೆಲ್ಲಿ, ಹೆಡ್ಡಿನ ಖರ್ಚೆಲ್ಲಿ!

ಅದಕ್ಕೇ ಮತ್ತೆ ಹೇಳುತ್ತೇನೆ. ಯಾವ ದೀಪ ಮೊದಲು ಬಂತು ನೋಡಿ. ಬ್ಯಾಟರಿ ದೀಪ ಬಂದು, ಹಿಂದೆಯೇ ಮುಳ್ಳು ಏರಿದರೆ ಬೆಲ್ಟ್ ಕಡೆ ನೋಡಿ. ಸೈಡಿಗೆ ಹಾಕಿ ತಕ್ಷಣ ಇಂಜಿನ್ ಆಫ್ ಮಾಡಿ.

ಬ್ಯಾಟರಿ ದೀಪ ಬರದೆ ಬರೀ ಮುಳ್ಳು ನಿಧಾನವಾಗಿ ಏರುತ್ತಿದ್ದರೆ ಕಥೆ ಬೇರೆ. ಎಸಿ ಆಫ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗಿಟ್ಟು ಬ್ಲೋವರ್ ಜೋರು ಮಾಡಿ. ಕ್ಯಾಬಿನ್ ಒಳಗೆ ಬೆವರು ಸುರಿಯುತ್ತದೆ, ಸುರಿಯಲಿ, ಇಂಜಿನ್ ಬಿಸಿ ಅಷ್ಟು ಹೊರಗೆ ಬರುತ್ತದೆ. ಸೈಡಿಗೆ ಹಾಕಿ. ನೀರು ಸೋರುತ್ತಿಲ್ಲ, ಆವಿ ಏಳುತ್ತಿಲ್ಲ ಅಂದರೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ಘಾಟಿ ಹತ್ತಿ ಕಾದಿರುವ ಟರ್ಬೊಗೆ ಆ ಹೊತ್ತು ಆಯಿಲ್ ಓಡಾಟ ಬೇಕು. ಸೋರುತ್ತಿದ್ದರೆ, ಆವಿ ಎದ್ದಿದ್ದರೆ ಟರ್ಬೊ ಚಿಂತೆ ಬಿಡಿ, ಆ ಕ್ಷಣವೇ ಆಫ್.

ಸಮಯ ಆಗ್ತಾ ಬಂತು ಅಂತ ಕಾರ್ಯಕ್ರಮ ನಡೆಸುವ ಇವರು ಕೈ ತೋರಿಸ್ತಾ ಇದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ರೇಡಿಯೇಟರ್ ಮುಚ್ಚಳ ಕುಕ್ಕರ್ ಮುಚ್ಚಳ ಇದ್ದ ಹಾಗೆ. ಹಾಸನದಂಥ ಎತ್ತರದ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಒತ್ತಡ ಇರುವುದರಿಂದ ಒಳಗೆ ನೂರು ದಾಟಿದರೂ ಕುದಿಯದೆ ಇರುತ್ತದೆ. ತೆಗೆದ ಕೂಡಲೇ ಅಷ್ಟೂ ಒಮ್ಮೆಲೇ ಕುದ್ದು ಮುಖಕ್ಕೆ ಎರಚುತ್ತದೆ. ಬಟ್ಟೆ ಹಾಕಿ ತೆಗೀತೀನಿ ಅನ್ನೋರು ಬಹಳ ಜನ. ದಯವಿಟ್ಟು ಬೇಡ.

ಏರಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಸದ್ಯ ತಣ್ಣಗಾಯಿತು ಅಂದುಕೊಳ್ಳಬೇಡಿ. ಒಳಗೆ ನೀರೇ ಇಲ್ಲದೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರಬಹುದು. ಆಗಲೂ ಆಫ್.

ಹಳದಿ ಇಂಜಿನ್ ದೀಪ ಬಂದರೆ ನಿಧಾನವಾಗಿ ಗ್ಯಾರೇಜಿಗೆ ಬನ್ನಿ. ಕೆಂಪು ಬಂದರೆ ಅಲ್ಲೇ ನಿಲ್ಲಿ. ಬಿಸಿ ಜಾಸ್ತಿಯಾದಾಗ ಹೊಸ ಗಾಡಿಗಳ ಕಂಪ್ಯೂಟರ್ ತಾನೇ ಶಕ್ತಿ ಕಡಿಮೆ ಮಾಡುತ್ತದೆ. ಗಾಡಿ ಎಳೀತಿಲ್ಲ ಅಂತ ಆಕ್ಸಿಲರೇಟರ್ ಒತ್ತಬೇಡಿ. ಸ್ಕ್ಯಾನರ್ ಹಾಕಿ ಆ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಅಳಿಸಿ ಕಳಿಸುವುದು ರಿಪೇರಿ ಅಲ್ಲ, ಯಾರೇ ಮಾಡಲಿ.

ಏರಿನಲ್ಲಿ ಸಣ್ಣ ಗೇರಿನಲ್ಲೇ ಹತ್ತಿ, ಫ್ಯಾನು, ಪಂಪು ಎರಡೂ ಜೋರಾಗಿ ತಿರುಗುತ್ತವೆ. ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣ್ಣಗಾಗಿಸುವ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕೆಸರು, ಹುಳ, ಒಣಗಿದ ಎಲೆ ಸೇರಿಕೊಂಡಿರುತ್ತದೆ, ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟು ತೊಳೆಯಿರಿ. ಬೋರ್‌ವೆಲ್ ನೀರು ತುಂಬಬೇಡಿ, ಒಳಗೆ ಉಪ್ಪು ಕಟ್ಟುತ್ತದೆ. ಇನ್ನು ಹಳೇ ಕೂಲಂಟನ್ನು ರಸ್ತೆ ಬದಿಗೆ, ಚರಂಡಿಗೆ ಚೆಲ್ಲಲೇಬೇಡಿ. ಅದು ಸಿಹಿಯಾಗಿರುತ್ತದೆ, ಆದರೆ ವಿಷ. ದನ, ನಾಯಿ ನೆಕ್ಕಿದರೆ ಸಾಯುತ್ತವೆ. ಕ್ಯಾನಿಗೆ ಬಸಿದು ಗ್ಯಾರೇಜಿಗೆ ತಂದುಕೊಡಿ. ನಮಸ್ಕಾರ.